ಮಾತಾಡಬಾರದ ಸ್ಯಾಮ್ಸನ್

ಅರಬೈಲಿನ ಕೆರಿಯ ಸಿದ್ದಿಯವರ ಮನೆಯಲ್ಲಿ ಊಟಕ್ಕೆ ಕೂತರೆ ಬೇರೆಯವರ ಮಾತು ಕಿವಿಗೆ ಬೀಳುವುದೇ ಕಷ್ಟ. ಕಾರಣ ಅವರ ಕಿರಿಯ ಮಗ ದರ್ಶನ. ಸಾರಿನ ಉಪ್ಪಿನಿಂದ ಹಿಡಿದು ಕೋಳಿಗೂಡಿನ ಬಾಗಿಲು ಯಾವ ಕಡೆಗಿರಬೇಕು ಎನ್ನುವ ತನಕ ಅವನದೊಂದು ಸಲಹೆ ಇದ್ದೇ ಇರುತ್ತದೆ. ಯಲ್ಲಾಪುರದ ಹೈಸ್ಕೂಲಿನಲ್ಲಿ ಅವನಿಗೆ ಫುಟ್‌ಬಾಲ್ ಕಲಿಸಿದವಳು ನಾನು. ಮೈದಾನದಲ್ಲೂ ಅವನದು ಅದೇ ಬಾಯಿ. ನಡುವೆ ನಿಂತು, "ನೀ ಎಡಕ್ಕೆ ಸರಿ, ಅದನ್ನ ಬಿಡು, ಹಿಂದೊಬ್ಬ ಬಂದ ನೋಡು" ಎಂದು ಇಡೀ ತಂಡವನ್ನು ಕುಣಿಸುತ್ತಿದ್ದ. ಮಿಡ್‌ಫೀಲ್ಡ್‌ನಲ್ಲಿ ಆಡುವವನಿಗೆ ಕಾಲಿನಷ್ಟೇ ಬಾಯಿಯೂ ಬೇಕು. ದೊಡ್ಡ ಕ್ಲಬ್ಬಿನಲ್ಲಿ ಅದೇ ಜಾಗದಲ್ಲಿ ಆಡಬೇಕೆನ್ನುವುದೊಂದೇ ಅವನ ಹಟ.

ಅಂಥವನು ಕಳೆದ ಚಳಿಗಾಲದಲ್ಲಿ ಕರಾವಳಿಯ ಸೆವೆನ್ಸ್ ಪಂದ್ಯವೊಂದರಲ್ಲಿ ತುಟಿ ಬಿಚ್ಚದೆ ಆಡಿದ. ಸೆವೆನ್ಸ್ ಎಂದರೆ ಏಳೇಳು ಜನರ ತಂಡ. ಪ್ರೇಕ್ಷಕರಿಗೆ ಟಿಕೆಟ್ ಉಂಟು, ಆಟಗಾರರಿಗೆ ಸಂಬಳ ಉಂಟು. ನಾನು ಸುಮ್ಮನೆ ನೋಡಲು ಹೋಗಿದ್ದೆ. ಮೈಕಿನವನು ಕೂಗಿದ: "ಇದೀಗ ಬರುತ್ತಿದ್ದಾರೆ, ಆಫ್ರಿಕಾದಿಂದ ಬಂದ ಸ್ಯಾಮ್ಸನ್." ಬಂದವನು ನೋಡಿದರೆ ನಮ್ಮ ದರ್ಶನ. ಸಿದ್ದಿಗಳ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಅವನ ಮುಖ ನೋಡಿ ಜನ ನಂಬಿದ್ದರು. ನನಗೆ ಮೊದಲು ಬಂದದ್ದು ನಗೆ. ಆಟ ಮುಗಿಯುವಷ್ಟರಲ್ಲಿ ನಗೆ ಹೋಗಿತ್ತು. ಚೆಂಡು ಬಂದಾಗ ಬರೀ ಕೈ ಬೀಸುತ್ತಿದ್ದ, ಅವನ ಪಾಸುಗಳು ಯಾರಿಗೂ ಸಿಗುತ್ತಿರಲಿಲ್ಲ. ಆಮೇಲೆ ಎದುರು ಸಿಕ್ಕಾಗ ನನ್ನನ್ನು ಕಂಡರೂ ಕಾಣದವನ ಹಾಗೆ ಹೋದ.

ಕಂಡವರ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಹುಟ್ಟುಗುಣ. ಭಾನುವಾರ ಅರಬೈಲಿನ ಬಸ್ಸು ಹತ್ತಿದೆ.

ದರ್ಶನನ ತಾಯಿ ನಾಗಕ್ಕ ಒಲೆಯ ಮುಂದೆ ಒಣಮೀನು ಸುಡುತ್ತಿದ್ದರು. ಹಿರಿಮಗ ಮಂಜ ಚಾಪೆಯ ಮೇಲೆ ಬಲಗಾಲು ಚಾಚಿ ಕೂತಿದ್ದ. ಜಗಲಿಯಲ್ಲಿ ಕೆರಿಯಣ್ಣನ ಜೊತೆ ಶಿರಸಿಯ ಉಲ್ಲಾಸ ಚಹಾ ಕುಡಿಯುತ್ತಿದ್ದ. ತಂಡಗಳಿಗೆ ಆಟಗಾರರನ್ನು ಹೊಂದಿಸಿ ಕೊಡುವುದು ಅವನ ಕಸುಬು. ಫೈನಲ್ ಪಂದ್ಯಕ್ಕೆ ದರ್ಶನನನ್ನು ಕರೆದೊಯ್ಯಲು ಬಂದಿದ್ದ. ದರ್ಶನ ಬಾಗಿಲ ಪಕ್ಕ ಕೂತು ಬೂಟು ಒರೆಸುತ್ತಿದ್ದ.

"ಈ ಹುಡುಗನನ್ನ ಆಫ್ರಿಕಾದವ ಮಾಡಿದ್ದು ಯಾಕೆ?" ಎಂದು ನೇರವಾಗಿಯೇ ಕೇಳಿದೆ.

ಉಲ್ಲಾಸನಿಗೆ ನಾಚಿಕೆಯೇನೂ ಆಗಲಿಲ್ಲ. "ಅಕ್ಕೋರೆ, ಜನ ಬರೂದು ಫಾರಿನ್ ಆಟಗಾರನ್ನ ನೋಡೂಕೆ. ಅರಬೈಲಿನವ ಅಂದ್ರೆ ಯಾರು ಟಿಕೆಟ್ ತಗಂತಾರೆ? ನಾನೊಬ್ನೇ ಅಲ್ಲ, ಎಷ್ಟೋ ಜನ ಹೀಗೇ ನಡ್ಸ್ಕಂಡು ಬಂದಿದ್ದು. ಇವ ಬಾಯಿ ಬಿಡ್ಬಾರ್ದು, ಅಷ್ಟೇ."

"ಬಾಯಿ ಬಿಡದೆ ಮಿಡ್‌ಫೀಲ್ಡ್ ಆಡೋದು ಹೇಗೆ?"

"ಕಾಲು ಅದೆಯಲ್ಲ."

ನನಗೆ ಮೈ ಉರಿಯಿತು. ಕೆರಿಯಣ್ಣನ ಕಡೆ ತಿರುಗಿದೆ. "ನಿಮ್ಮ ಮಗ ನಿಮ್ಮ ಹೆಸರು ಹೇಳಬಾರದಂತೆ. ನಿಮಗೆ ಏನೂ ಅನಿಸೋದಿಲ್ವ?"

ಅವರು ಲೋಟ ಕೆಳಗಿಟ್ಟರು. "ಅನಿಸೂಕೆ ಎಂತದೆ ಅಕ್ಕೋರೆ? ನಾವು ಹುಟ್ಟಿದ್ದು ಇಲ್ಲೇ, ನಮ್ಮ ಅಜ್ಜನ ಅಜ್ಜ ಹುಟ್ಟಿದ್ದೂ ಇಲ್ಲೇ. ಆದ್ರೂ ಪ್ಯಾಟೆಗೆ ಹೋದ್ರೆ ಯಾವ ದೇಶ ಅಂತ ಕೇಳ್ತಾರೆ. ಸಿದ್ದಿ ಹುಡುಗ ಅಂದ್ರೆ ಯಾವ ತಂಡದವ್ರೂ ಕರೂದಿಲ್ಲ. ಆಫ್ರಿಕಾದವ ಅಂದ್ರೆ ಕಾರು ಕಳಿಸ್ತಾರೆ. ಹೆಸ್ರು ಇಟ್ಕಂಡು ಮನೇಲಿ ಕೂರೂದ?"

ಉತ್ತರ ಬಂದದ್ದು ಒಲೆಯ ಮುಂದಿನಿಂದ.

"ಮಂಜನ ಕಾಲು ಹೇಗೆ ಹೋಯ್ತು, ಅದನ್ನೂ ಹೇಳಿ," ಎಂದರು ನಾಗಕ್ಕ.

ಆಮೇಲೆ ಅವರೇ ಹೇಳಿದರು. ಮಂಜನೂ ಹೀಗೆಯೇ ಹೋಗಿದ್ದ, ಅವನ ಹೆಸರು ಜೇಮ್ಸ್ ಆಗಿತ್ತು. ಆಟದಲ್ಲಿ ಬಿದ್ದಾಗ ಮಂಡಿಯೊಳಗೆ ಏನೋ ಕಡಿದದ್ದು ಅವನಿಗೇ ಕೇಳಿಸಿತ್ತು. ಡಾಕ್ಟರು ಎಲ್ಲಿ ನೋವು ಎಂದು ಕನ್ನಡದಲ್ಲೇ ಕೇಳಿದರು. ಜೊತೆಗಿದ್ದ ಉಲ್ಲಾಸ, "ಇವನಿಗೆ ಭಾಷೆ ಬರೂದಿಲ್ಲ, ಸ್ವಲ್ಪ ಉಳುಕಿದೆ ಅಷ್ಟೇ" ಎಂದ. ಮಂಜ ಬಾಯಿ ಬಿಡಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ಮತ್ತೊಂದು ಪಂದ್ಯ ಆಡಿದ. ಆಮೇಲೆ ಆ ಕಾಲು ನೆಟ್ಟಗಾಗಲಿಲ್ಲ.

"ಡಾಕ್ಟ್ರು ಕನ್ನಡದಾಗೇ ಕೇಳಿದ್ರಲ್ಲ ಮಗನೆ," ಎಂದರು ನಾಗಕ್ಕ, ಮಂಜನನ್ನು ನೋಡದೆ. ಅವನು ತಲೆ ತಗ್ಗಿಸಿ ಕೂತಿದ್ದ. ನೋವಾದಾಗಲೂ ನೋವು ಎನ್ನಬಾರದ ಇಂಥ ಸಂಪ್ರದಾಯವನ್ನು ಎಷ್ಟೋ ಜನ ನಡೆಸಿಕೊಂಡು ಬಂದದ್ದು ಎನ್ನುವವರಿಗೆ ನಾನು ಏನು ಹೇಳಲಿ?

"ಅದು ಆಗಿ ಹೋದದ್ದು," ಎಂದ ಉಲ್ಲಾಸ. "ಫೈನಲ್ ಚೆನ್ನಾಗಾದ್ರೆ ಇವನಿಗೆ ಇಡೀ ಸೀಸನ್ ಕೆಲಸ. ಬರ್ತಿಯೋ, ಇಲ್ಲೋ?"

ದರ್ಶನ ಬೂಟು ಎತ್ತಿಕೊಂಡು ಅವನ ಹಿಂದೆ ಹೋದ. ನನಗೆ ಅಳುವಷ್ಟು ಬೇಜಾರಾಯಿತು.

ಆದರೂ ಫೈನಲ್ಲಿಗೆ ಹೋದೆ. ಅವನು ಎಷ್ಟು ಹೊತ್ತು ಸುಮ್ಮನಿರಬಲ್ಲ ಎಂಬ ಕುತೂಹಲ ಬಿಡಲಿಲ್ಲ. ಗ್ಯಾಲರಿ ಕಿಕ್ಕಿರಿದಿತ್ತು. ಸ್ಯಾಮ್ಸನ್ ಜೊತೆ ಫೋಟೊ ಹಿಡಿಸಿಕೊಳ್ಳಲು ಮಕ್ಕಳು ಸಾಲು ನಿಂತಿದ್ದರು. ಆಟ ಶುರುವಾದ ಮೇಲೆ ಅವನು ಕೈ ಬೀಸುತ್ತ ಓಡಿದ, ಮತ್ತೆ ಮತ್ತೆ ತುಟಿ ಕಚ್ಚಿಕೊಂಡ.

ಮೊದಲರ್ಧ ಮುಗಿಯುತ್ತ ಬಂದಾಗ ಎದುರಾಳಿ ಚೆಂಡನ್ನು ಎತ್ತರಕ್ಕೆ ಹೊಡೆದ. ದರ್ಶನನ ತಂಡದ ಡಿಫೆಂಡರ್, ಶಿರಸಿಯ ರಯಾನ್, ಮೇಲೆ ನೋಡುತ್ತ ಹಿಂದಕ್ಕೆ ಹಿಂದಕ್ಕೆ ಓಡಿದ. ಅವನ ಬೆನ್ನ ಹಿಂದೆ ಗೋಲಿನ ಕಬ್ಬಿಣದ ಕಂಬ.

"ರಯಾನ್, ನಿಲ್ಲೋ! ಹಿಂದೆ ಕಂಬ ಅದೆ!" ಕೂಗಿದವನು ಸ್ಯಾಮ್ಸನ್.

ರಯಾನ್ ಗಕ್ಕನೆ ನಿಂತ. ಕಂಬ ಅವನ ತಲೆಯಿಂದ ಗೇಣಿನಷ್ಟೂ ದೂರವಿರಲಿಲ್ಲ. ಚೆಂಡು ಹೊರಗೆ ಹೋಯಿತು. ಗ್ಯಾಲರಿಯಲ್ಲಿ ಮೊದಲು ಗುಸುಗುಸು, ಆಮೇಲೆ ಜೋರು ನಗೆ.

ವಿರಾಮದಲ್ಲಿ ಮೈಕಿನವನು ಖುಷಿಯಿಂದ ಓಡಿಬಂದ. ಅವನ ಹಿಂದೆಯೇ ಬಂದ ಉಲ್ಲಾಸ ದರ್ಶನನ ಕಿವಿಯಲ್ಲಿ ಏನೋ ಉಸುರಿದ. ಏನೆಂದು ಆಮೇಲೆ ರಯಾನ್ ಹೇಳಿದ: "ತಂಡದವ್ರು ನಾಕು ಮಾತು ಕಲಿಸಿದ್ರು ಅನ್ನು. ಎಲ್ಲ ಸರಿ ಮಾಡ್ತೆ."

"ಸ್ಯಾಮ್ಸನ್ ಅವರೇ," ಎಂದು ಮೈಕಿನವನು ನಗುತ್ತ ಕೇಳಿದ, "ಇಷ್ಟು ಚೆಂದದ ಕನ್ನಡ ನಿಮಗೆ ಕಲಿಸಿದ್ದು ಯಾರು?"

ಗ್ಯಾಲರಿ ನಗಲು ಸಿದ್ಧವಾಗಿ ಕೂತಿತ್ತು. ದರ್ಶನ ಉಲ್ಲಾಸನನ್ನು ನೋಡಿದ. ಆಮೇಲೆ ಮೈಕು ಹಿಡಿದ.

"ಕಲಿಸೂದು ಎಂತಕ್ಕೆ? ನಾನು ಯಲ್ಲಾಪುರ ತಾಲೂಕಿನ ಅರಬೈಲಿನವ. ಅಪ್ಪ ಕೆರಿಯ, ಅವ್ವಿ ನಾಗಿ. ನನ್ನ ಹೆಸ್ರು ದರ್ಶನ ಸಿದ್ದಿ. ಆಫ್ರಿಕಾ ನಾನು ನೋಡ್ಲಿಲ್ಲ."

ಕೆಲವರು ಸಿಳ್ಳೆ ಹಾಕಿದರು. ಕೆಲವರು ಮೋಸ ಎಂದು ಟಿಕೆಟಿನ ದುಡ್ಡು ವಾಪಸು ಕೇಳಿದರು. ಉಲ್ಲಾಸ ದರ್ಶನನಿಂದ ತಂಡದ ಅಂಗಿ ಬಿಚ್ಚಿಸಿಕೊಂಡು ಅವನನ್ನು ತಂಡದಿಂದ ಹೊರಗೆ ಕಳಿಸಿದ. ಸೀಸನ್ನಿನ ಕೆಲಸ ಅಲ್ಲಿಗೆ ಮುಗಿಯಿತು. ನಾನು ಅಳು ತಡೆಯಲಾರದೆ ಗ್ಯಾಲರಿ ಇಳಿದು ಅವನ ಹತ್ತಿರ ಹೋದೆ, ಮನೆಗೆ ಹೋಗೋಣ ಬಾ ಎಂದೆ.

"ತಡೀರಿ ಅಕ್ಕೋರೆ, ಆಟ ಮುಗೀಲಿಲ್ಲ," ಎಂದ.

ಬನಿಯನ್ನಿನಲ್ಲೇ ಗೆರೆಯ ಹೊರಗೆ ನಿಂತ. ದ್ವಿತೀಯಾರ್ಧ ಶುರುವಾದದ್ದೇ ತಡ, ಇಷ್ಟು ದಿನ ಒಳಗೆ ಅದುಮಿಟ್ಟದ್ದೆಲ್ಲ ಹೊರಬಂತು. "ರಯಾನ್, ಎಡಕ್ಕೆ ಸರಿ. ಅವನನ್ನ ಬಿಡಬೇಡ. ಈಗ ಕೊಡು, ಈಗ." ಉಲ್ಲಾಸ ಎರಡು ಸಲ ಬಂದು ಬಾಯಿ ಮುಚ್ಚು ಎಂದ. ದರ್ಶನ ಅವನತ್ತ ತಿರುಗಲೂ ಇಲ್ಲ. ಒಳಗೆ ಆಡುತ್ತಿದ್ದವರು ಮಾತ್ರ ಪ್ರತಿ ಸಲವೂ ಅವನ ಮಾತು ಕೇಳಿ ಸರಿಯುತ್ತಿದ್ದರು.