ಹದಿನೇಳಾರ್ಲೆ

ಕಿಟಕಿಯ ಸರಳಿಗೆ ಮಳೆಹನಿಗಳು ಸಾಲಾಗಿ ಜೋತುಬಿದ್ದಿವೆ, ಬಸ್ಸು ಕುಲುಕಿದಾಗ ಒಮ್ಮೆಲೇ ಉದುರುತ್ತವೆ, ಮತ್ತೆ ಕೂಡುತ್ತವೆ, ಏಳು, ಎಂಟು — ಪಕ್ಕದಲ್ಲಿ ಕೂತ ಲುಸಿಯಾಳೂ ಅವನ್ನೇ ನೋಡುತ್ತಿದ್ದಾಳೆ, ಎಣಿಸುತ್ತಿದ್ದಾಳೋ ಏನೋ, ಎಣಿಸದೆ ಇರಲಾರದ ಹುಡುಗಿ ಇವಳು, ಮೂರನೇ ಇಯತ್ತೆಯಲ್ಲಿದ್ದಾಗ ಶಾಲೆಯ ಹಂಚು ಎಣಿಸಿದ್ದಳು, ಗುರೂಜಿ, ಸಾಲಿಗೆ ನಲವತ್ತರಂಗ ಇಪ್ಪತ್ತೆರಡು ಸಾಲು, ಒಡದಾವು ಹದಿಮೂರು, ಎಂಟನೂರಾ ಅರವತ್ತೇಳು ಛಲೋ ಅದಾವ್ರಿ, ಪಾಟಿ ಇಲ್ಲ ಬಳಪ ಇಲ್ಲ, ಕಣ್ಣು ಮುಚ್ಚಿ ಹೇಳಿದ್ದಳು, ನಾನು ಹೊರಗೆ ನಿಂತು ಕತ್ತು ನೋಯುವಷ್ಟು ಎಣಿಸಿ ನೋಡಿದ್ದೆ, ಬರೋಬರಿ ಇತ್ತು. ಇಂಥವಳು ಇವತ್ತು ಬೆಳಗಾವಿಯಲ್ಲಿ, ಆ ಹೆಣ್ಣುಮಕ್ಕಳ ಹೈಸ್ಕೂಲಿನ ಮೇಡಮ್ಮರ ಮೇಜಿನ ಮುಂದೆ ನಿಂತು, ಹದಿನೇಳರ ಮಗ್ಗಿಯಲ್ಲಿ ಹದಿನೇಳಾರ್ಲೆ ಎಷ್ಟವಾ ಅಂದರೆ ಬರೂದಿಲ್ರಿ ಅಂದಳು. ಅಷ್ಟೇ. ಎಂಟನೇ ಇಯತ್ತೆಯ ಆಸೆ ಮುಗಿಯಿತು, ಹಾಸ್ಟೆಲಿನ ಜಾಗ ಮುಗಿಯಿತು, ಕಾಡಿನ ಹಾಡಿಯಿಂದ ಹೈಸ್ಕೂಲು ಮುಟ್ಟಬೇಕಿದ್ದ ಮೊದಲ ಹುಡುಗಿ ಈಗ ನನ್ನ ಬಾಜೂಕ ಕೂತು ಹನಿ ನೋಡುತ್ತ ವಾಪಸು ಖಾನಾಪುರಕ್ಕೆ ಹೊರಟಿದ್ದಾಳೆ, ಕಾಲು ಮಡಚಿಕೊಳ್ಳಲು ಬಾರದು, ಎಡಗಾಲನ್ನು ಸೀಟಿನ ಹೊರಗೆ ಚಾಚಿದ್ದಾಳೆ, ಹೋಗಿಬರುವವರು ಎಡವಿ ಬೈಯುತ್ತಿದ್ದಾರೆ, ಬಯ್ಯಲಿ.

ಕಂಡಕ್ಟರ್ ಬಂದ, ಅವಳ ಗುಂಗುರು ಕೂದಲು ನೋಡಿದ, ನನ್ನನ್ನು ನೋಡಿದ, ಮಾಸ್ತರ, ಈ ಸಾಮಾನು ಯಾವ ದೇಶದ್ದರಿ. ಬೆಳಿಗ್ಗೆ ಹೋಗುವಾಗಲೂ ಒಬ್ಬ ಕಂಡಕ್ಟರ್ ಹೀಗೇ ಅಂದಿದ್ದ, ಅವನ ಅಂಗಿಯ ಕಾಲರು ಹಿಡಿದಿದ್ದೆ, ನಿಮ್ಮಪ್ಪ ಹುಟ್ಟೂಕಿಂತ ಮೊದಲಿಂದ ಈ ಅಡವ್ಯಾಗ ಅದಾರಲೇ ಈ ಸಿದ್ದಿ ಮಂದಿ, ಯಾವ ದೇಶ ಅಂತೀ, ನಿನ್ನ ಬಸ್ಸ ಅವರು ಕಡದು ಮಾಡಿದ ದಾರಿ ಮ್ಯಾಲ ಓಡ್ತತಿ ಅಂದಿದ್ದೆ, ನಾಲ್ಕು ಮಂದಿ ಬಿಡಿಸಿದ್ದರು, ಈ ಗುರುಪುತ್ರಪ್ಪ ಮಾಸ್ತರನ ಸಿಟ್ಟು ಇಡೀ ಖಾನಾಪುರ ತಾಲೂಕಿಗೆ ಗೊತ್ತು. ಈಗ ಕೈ ಏಳಲಿಲ್ಲ. ಎರಡು ತಿಕೀಟು ಕೊಡಪ್ಪಾ ಅಂದೆ. ಸಿಟ್ಟು ಮಾಡಲು ಮನುಷ್ಯನಿಗೆ ತಾನು ಸರಿ ಅನ್ನುವ ಒಂದು ಹಿಡಿ ನೆಲ ಬೇಕು, ಅದು ನನ್ನ ಕಾಲ ಕೆಳಗಿದೆ ಅಂದುಕೊಂಡೇ ಇಪ್ಪತ್ತಾರು ವರ್ಷ ಪಾಠ ಹೇಳಿದೆ, ಪಾರಿಶ್ವಾಡದ ಒಕ್ಕಲಿಗನ ಮಗ, ಊರ ಶಾಲೆಯಲ್ಲಿ ಕಲಿತು ಮುಲ್ಕಿ, ಅಂದರೆ ಏಳನೇ ಇಯತ್ತೆಯ ಸರಕಾರಿ ಪರೀಕ್ಷೆ, ಪಾಸಾದವನು, ನಾನು ಭೇದ ಮಾಡುವವನಲ್ಲ, ಎಲ್ಲರಿಗೂ ಒಂದೇ ಛಡಿ, ಒಂದೇ ಮಗ್ಗಿ. ಸಿದ್ದಿ ಮಕ್ಕಳಿಗೆ ಬ್ಯಾರೆ ಗಿಲಾಸ ಇಡ್ರಿ ಅಂತ ಊರ ಪಂಚ ಬಸಲಿಂಗಪ್ಪ ಬಂದಾಗ ಇದ್ದ ಗಿಲಾಸನ್ನೂ ಬಾವಿಗೆ ಎಸೆದು ಬೊಗಸ್ಯಾಗ ಕುಡೀರಿ ಎಲ್ಲಾರೂ ಅಂದವನು ನಾನು. ಬಸಲಿಂಗಪ್ಪ ಮೂರು ವರ್ಷ ನನ್ನ ಕೂಡ ಮಾತಾಡಲಿಲ್ಲ. ಅದು ನನ್ನ ಎದೆಯ ಮೇಲಿನ ಬಿಲ್ಲೆ, ತಿಕ್ಕಿ ತಿಕ್ಕಿ ಹೊಳಪು ಇಟ್ಟುಕೊಂಡಿದ್ದೆ.

ಮೇಡಮ್ಮರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ಕುಂದರ್ರಿ ಮಾಸ್ತರ, ಚಾ ತಗೋತೀರಿ? ಕನ್ನಡಕ ಏರಿಸಿ ಕಾಗದ ತಿರುವಿದರು, ಲುಸಿಯಾ ಇನಾಸ ಸಿದ್ದಿ, ಏಳನೇ ಇಯತ್ತೆ ಪಾಸು, ಗಣಿತದಾಗ ತೊಂಬತ್ತಾರು, ಭಾಳ ಛಲೋ, ಮತ್ತ ಇದೇನ್ರಿ. ಓಟ ಕಲಿಸಲು ಹಿಂದೆ ಇವಳನ್ನು ಒಯ್ದಿದ್ದ ಆಟದ ಹಾಸ್ಟೆಲಿನವರು ವಾಪಸು ಕಳಿಸುವಾಗ ದಾಖಲೆಯ ಜೊತೆ ಹಳೆಯ ಪತ್ರವನ್ನೂ ಲಗತ್ತಿಸಿದ್ದಾರೆ, ನಾನು ಬೆಳಿಗ್ಗೆ ಲಕೋಟೆ ಬಿಚ್ಚಿಯೂ ನೋಡಿರಲಿಲ್ಲ, ಮೇಡಮ್ಮರ ಬೆರಳ ಕೆಳಗೆ ನನ್ನದೇ ಅಕ್ಷರ, ದುಂಡು ದುಂಡು, ಮುಲ್ಕಿ ಪರೀಕ್ಷೆಯಲ್ಲಿ ಇನಾಮು ತಂದ ಅಕ್ಷರ — ಸದರಿ ವಿದ್ಯಾರ್ಥಿನಿ ಓದು ಬರಹ ಲೆಕ್ಕಗಳಲ್ಲಿ ಮಂದಬುದ್ಧಿಯವಳಿದ್ದು, ಓಟದಲ್ಲಿ ಹುಟ್ಟಾ ಪ್ರವೀಣಳಿದ್ದಾಳೆ. ಕೆಳಗೆ ನನ್ನ ಸಹಿ, ಶಾಲೆಯ ಶಿಕ್ಕಾ. ಇದನ್ನ ಬರದವರೂ ನೀವ, ತೊಂಬತ್ತಾರು ಕೊಟ್ಟವರೂ ನೀವ ಅಲ್ರಿ ಮಾಸ್ತರ? ನಾನ ರಿ, ಅದು ಸುಳ್ಳ ರಿ ಮೇಡಮ್, ನಾ ಸುಳ್ಳ ಬರದಿದ್ದೆ. ಹಂಗಾರ ಇದೂ ಸುಳ್ಳ ಇರಬಹುದಲ್ರಿ. ನಕ್ಕೇ ಅಂದರು. ಆಮೇಲೆ ಅವರೇ ದಾರಿ ಮಾಡಿಕೊಟ್ಟರು, ಇರಲಿ, ಹುಡಿಗೀನ್ನ ಕೇಳಿದ್ರ ಆತಲ್ಲ, ಬಾರವಾ ಮುಂದ, ಹೆದರಬ್ಯಾಡ, ಹದಿನೇಳಾರ್ಲೆ ಎಷ್ಟು. ನನಗೆ ನಗು ಬಂದಿತ್ತು, ಹದಿನೇಳಾರ್ಲೆ, ಇವಳಿಗೆ, ಮುಕ್ಕಾಲಿನ ಮಗ್ಗಿಯನ್ನು ಹಿಂದಿನಿಂದ ಮುಂದೆ ಹೇಳುವವಳಿಗೆ. ಅವಳು ಬಾಯಿ ತೆರೆದಿದ್ದಳು, ತೆರೆದಿದ್ದಳು, ನಾನು ಕಂಡಿದ್ದೇನೆ, ತುಟಿಯ ಮೇಲೆ ಉತ್ತರ ಬಂದು ಕೂತಿತ್ತು, ಆಗ ಮುಖ ತಿರುಗಿಸಿ ನನ್ನ ಕಡೆ ನೋಡಿದಳು. ನೋಡಿ, ಬರೂದಿಲ್ರಿ. ಮೇಡಮ್ಮರು ಕಾಗದಗಳನ್ನು ಒಂದರ ಮೇಲೊಂದು ಇಟ್ಟು, ಪಾಪ ಇರಲಿ ಬಿಡ್ರಿ, ಇವರ ಕಡೆ ಆಟ ಛಲೋ ಇರ್ತತಿ, ಇವರ ರಕ್ತದಾಗ ಐತಿ ಅದು, ಕಾಲು ನೆಟ್ಟಗಾದ ಮ್ಯಾಲ ಮತ್ತ ಓಡಾಕ ಕಳಸ್ರಿ.

ರಕ್ತದಾಗ ಐತಿ. ಎರಡೂವರೆ ವರ್ಷದ ಹಿಂದೆ ಇದೇ ಮಾತನ್ನು ನಾನು ಕಾಂತಾ ಅಕ್ಕೋರಿಗೆ ಹೇಳಿದ್ದೆ, ನಮ್ಮ ಎರಡು ಕೋಣೆಯ ಶಾಲೆಯಲ್ಲಿ ನನ್ನ ಹೊರತು ಇರುವ ಒಬ್ಬರೇ ಶಿಕ್ಷಕಿ ಅವರು. ಓಟಕ್ಕೆ ಸಿದ್ದಿ ಮಕ್ಕಳನ್ನು ಆರಿಸುತ್ತಾರೆ, ಊಟ ಬಟ್ಟೆ ಹಾಸ್ಟೆಲು ಎಲ್ಲ ಪುಕ್ಕಟೆ, ಖಾನಾಪುರದ ಮೈದಾನಕ್ಕೆ ಕರಕೊಂಡು ಬರ್ರಿ ಅಂತ ಪತ್ರ ಬಂದಿತ್ತು, ನಾನು ಮೊದಲು ಬರೆದ ಹೆಸರೇ ಲುಸಿಯಾ, ಯಾಕಂದರೆ ಅವಳ ಮೇಲೆ ನನಗೆ ಜೀವ, ಅವಳಿಗೆ ಒಳ್ಳೆಯದಾಗಬೇಕು. ಅಕ್ಕೋರು ಪೆನ್ನು ಕಸಿದುಕೊಳ್ಳುವುದೊಂದು ಬಾಕಿ. ಸರ್ರ, ಈಕೀನ ಲೆಕ್ಕದ ಮ್ಯಾಲ ಬೆಳಗಾವಿಗಿ ಕಳಸೂಣು, ಓಡಾಕ ಯಾಕ? ಅಕ್ಕೋರ, ಇವರು ಹುಟ್ಟಿದ್ದ ಓಡಾಕ, ಜಿಂಕಿ ಬೆನ್ನ ಹತ್ತಿದ ಮಂದಿ, ರಕ್ತದಾಗ ಐತಿ. ಈಕಿ ಓಡಿದ್ದ ನೋಡೀರೇನ್ರಿ ಒಮ್ಮೆರ? ಖೋಖೋದಾಗ ಎಲ್ಲಾರಕಿಂತ ಮೊದಲ ಔಟ್ ಆಗಾಕಿ ಈಕಿನ. ಕಲಸ್ತಾರ ಬಿಡ್ರಿ. ಮತ್ತ ನಿಮ್ಮ ಮಗಳೂ ಔಟ್ ಆಗ್ತಾಳಲ್ರಿ, ಆಕೀಗ್ಯಾಕ ಟ್ಯೂಷನ್ ಹಚ್ಚೀರಿ? ನಾನು ಮೇಜು ಗುದ್ದಿದೆ, ಈ ಮಕ್ಕಳಿಗಾಗಿ ಊರ ಕೂಡ ಜಗಳಾಡಿದಾಂವ ನಾನು, ನೀವು ನಿನ್ನೆ ಬಂದವರು, ನನಗ ಕಲಸಾಕ ಬರಬ್ಯಾಡ್ರಿ. ಅಕ್ಕೋರು ಸುಮ್ಮನಾದರು. ಸುಮ್ಮನಾದದ್ದನ್ನು ನಾನು ಒಪ್ಪಿದರು ಅಂದುಕೊಂಡೆ, ಸಿಟ್ಟಿನವರ ಹಣೆಬರಹವೇ ಇದು, ಎದುರಿನವರು ದಣಿದದ್ದನ್ನೆಲ್ಲ ಗೆಲುವು ಅಂತ ಬರೆದುಕೊಳ್ಳುತ್ತೇವೆ.

ಮೈದಾನದಲ್ಲಿ ಮಂಜು ಇತ್ತು, ಡಿಸೆಂಬರ್, ಕಾಡಿನ ಹಾಡಿಗಳಿಂದ ಬಂದ ಮಕ್ಕಳು ಸಾಲಾಗಿ ನಿಂತಿದ್ದರು, ಬಿಳೀ ಬೂಟಿನ ಸಾಹೇಬ ಒಬ್ಬ ಸಿಂಪಿಗರ ಟೇಪು ಹಿಡಿದು ಬಂದು ಮೀನಖಂಡ ಅಳೆದ, ಪಾದ ಎತ್ತಿ ಬೆರಳು ಅಗಲಿಸಿ ನೋಡಿದ, ನಮ್ಮಪ್ಪ ಪೇಟೆಯಲ್ಲಿ ಎತ್ತು ಕೊಳ್ಳುವಾಗ ನೋಡುತ್ತಿದ್ದ ಹಾಗೇ, ನನಗೆ ಆಗಲೂ ಅದು ಹೊಳೆದಿತ್ತು, ಹೊಳೆದರೂ ನಾನೇ ಬಗ್ಗಿ ಅವಳ ಕಾಲಿನ ಮಣ್ಣು ಒರೆಸಿದೆ, ಚಂದ ಕಾಣಲಿ ಅಂತ. ಓಡಿಸಿದರು, ಅವಳು ನಾಲ್ಕನೆಯವಳಾಗಿ ಬಂದಳು, ಸಾಹೇಬ ಎಲುಬು ಉದ್ದ ಅದಾವು, ತಯಾರ ಮಾಡಬಹುದು ಅಂದ, ಆದರ ಮಾಸ್ತರ, ಅಭ್ಯಾಸದಾಗ ಶ್ಯಾಣ್ಯಾ ಇದ್ದವರು ನಮಗ ಬ್ಯಾಡ್ರಿ, ಮೂರು ತಿಂಗಳಿಗೆ ಪುಸ್ತಕ ಬೇಕಂತ ಅಳಕೋತ ಮನಿಗಿ ಬರ್ತಾರ, ಈಕಿ ಹೆಂಗ? ನಾನು ಒಂದು ನಿಮಿಷ ತಗೊಂಡೆ, ಅವಳ ರಟ್ಟೆ ಹಿಡಿದು ಹುಣಸೆ ಮರದ ಹಿಂದೆ ಕರಕೊಂಡು ಹೋದೆ. ಅವಳಿಗೆ ಹನ್ನೊಂದು ವರ್ಷ. ಕೇಳಿಲ್ಲೆ, ಸಾಹೇಬರು ಲೆಕ್ಕ ಕೇಳಿದ್ರ ಬರೂದಿಲ್ಲ ಅನ್ನು. ಬರ್ತೈತಲ್ರಿ ಗುರೂಜಿ. ಬಂದ್ರೂ ಬರೂದಿಲ್ಲ ಅನ್ನು. ಸುಳ್ಳ ಹೇಳಬಾರದಂತ ನೀವ ಬಡದೀರಿ. ಇದು ಸುಳ್ಳಲ್ಲ, ಇದು ಉಪಾಯ, ತಿಳೀಲಿಲ್ಲಂದ್ರ ನನ್ನ ಕಡೆ ನೋಡು, ನಾ ತಲಿ ಅಲ್ಲಾಡಸ್ತೇನಿ, ನೋಡಿ ಬರೂದಿಲ್ರಿ ಅಂದುಬಿಡು. ಸಾಹೇಬ ಕೇಳಿದ, ಹನ್ನೆರಡ ನಾಲ್ಕಲೆ ಎಷ್ಟ ಬೇ. ಅವಳು ನನ್ನ ಕಡೆ ತಿರುಗಿದಳು. ನಾನು ತಲೆ ಅಲ್ಲಾಡಿಸಿದೆ. ಬರೂದಿಲ್ರಿ. ಸಾಹೇಬ ನಕ್ಕ, ನಾನೂ ನಕ್ಕೆ, ಅಲ್ಲೇ ಕಟ್ಟೆಯ ಮೇಲೆ ಕೂತು ಮಂದಬುದ್ಧಿ ಅಂತ ಬರೆದುಕೊಟ್ಟೆ, ಒತ್ತಕ್ಷರ ಎಲ್ಲೂ ತಪ್ಪದ ಹಾಗೆ.

ಆ ಆಟದ ಹಾಸ್ಟೆಲಿನಲ್ಲಿ ಒಂಬತ್ತು ತಿಂಗಳು. ಬೆಳಿಗ್ಗೆ ಓಡು, ಮಧ್ಯಾಹ್ನ ಮಲಗು, ಸಂಜೆ ಓಡು, ನೋವಂದರೆ ನಿಮಗ್ಯಾಕ ನೋವು, ನೀವು ಗಟ್ಟಿ ಮಂದಿ. ಮುಂಗಾಲ ಎಲುಬು ಬಿರಿದ ಮೇಲೂ ಹತ್ತು ದಿನ ಓಡಿದ್ದಳಂತೆ. ಇವಳಪ್ಪ ಇನಾಸ, ಕಟ್ಟಿಗೆ ಡಿಪೋದ ಹಮಾಲ, ಅವಳನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ತಂದು ನನ್ನ ಮುಂದೆ ಇಳಿಸಿದ, ಬಯ್ಯುತ್ತಾನೆ ಅಂತ ಕಾದೆ, ಬಯ್ಯಲಿಲ್ಲ, ಗುರೂಜಿ, ಓಡೂದು ಆಗಲಿಲ್ಲ ಈಕೀಗಿ, ತಪ್ಪ ತಿಳಕೋಬ್ಯಾಡ್ರಿ ಅಂದ, ಕ್ಷಮೆ ಕೇಳಿದವನು ಅವನು. ಕಾಂತಾ ಅಕ್ಕೋರು ಅವಳನ್ನು ಏಳನೆಯ ಇಯತ್ತೆಯಲ್ಲಿ ಕೂಡಿಸಿಕೊಂಡರು, ವರ್ಷವಿಡೀ ಮಣೆಯ ಮೇಲೆ ಕಾಲು ಇಡಿಸಿ ಕಲಿಸಿದರು, ಇವತ್ತು ನಸುಕಿನಲ್ಲಿ ಅವಳ ಜಡೆ ಹೆಣೆದು, ಧೈರ್ಯಾಗಿ ಉತ್ತರ ಹೇಳವಾ ಅಂದು ಕಳಿಸಿದ್ದಾರೆ, ಸಂಜೆ ದಾರಿ ನೋಡುತ್ತಿರುತ್ತಾರೆ. ಅವರಿಗೆ ಏನು ಹೇಳಲಿ, ಹುಡುಗಿ ಹೆದರಿದಳು ಅನ್ನಲೇ, ಮೇಡಮ್ಮರು ಜಾತಿ ಮಾಡಿದರು ಅನ್ನಲೇ, ಅನ್ನಬಹುದು, ನಂಬುತ್ತಾರೆ, ನಂಬುವುದಿಲ್ಲ. ನಾನು ಮೇಡಮ್ಮರ ಮುಂದೆ ತಲೆ ಅಲ್ಲಾಡಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ, ಕಣ್ಣು ಅಗಲಿಸಿ ಹೇಳು ಹೇಳು ಅಂತಿದ್ದೆ, ಆದರೆ ಅವಳು ಬಾಯಿ ತೆರೆದಿದ್ದಳು, ಮುಖ ತಿರುಗಿಸಿ ನನ್ನ ಕಡೆ ನೋಡಿದಳು, ನನ್ನ ಮುಖದಲ್ಲಿ ಏನು ಕಂಡಳು, ಹುಣಸೆ ಮರದ ಹಿಂದಿನ ಮುಖವೇ ಕಂಡಿರಬೇಕು, ನನಗೆ ಇನ್ನೊಂದು ಮುಖ ಎಲ್ಲಿದೆ.

ದೇಸೂರು ದಾಟಿತು. ರಸ್ತೆ ಕೆಟ್ಟಿದೆ, ಹಿಂದಿನ ಸೀಟಿನ ಮುದುಕಿ ಯವ್ವಾ ಯವ್ವಾ ಅನ್ನುತ್ತಿದ್ದಾಳೆ, ಮಳೆ ಜೋರಾಯಿತು. ಕೇಳಬಾರದು ಅಂದುಕೊಂಡಿದ್ದೆ, ಕೇಳಿಬಿಟ್ಟೆ, ಲುಸಿಯಾ, ಇಲ್ಲಿ ಯಾರೂ ಇಲ್ಲ, ನಾ ಒಬ್ಬನ ಅದೇನಿ, ಹದಿನೇಳಾರ್ಲೆ ಎಷ್ಟವಾ, ನನಗಷ್ಟ ಹೇಳು. ಅವಳು ಕಿಟಕಿಯಿಂದ ಮುಖ ತಿರುಗಿಸಿದಳು, ನನ್ನ ಕಡೆ ನೋಡಿದಳು, ನೋಡುತ್ತಿದ್ದಾಳೆ, ತುಟಿ ಬಿಚ್ಚಿದೆ, ಕಾಯುತ್ತಿದ್ದಾಳೆ, ನಾನು ಕತ್ತು ಬಿಗಿಹಿಡಿದು ಕೂತಿದ್ದೇನೆ, ಅಲುಗಬಾರದು, ಅಲುಗಬಾರದು, ಬಸ್ಸು ಕುಣಿಗೆ ಬಿತ್ತು, ಎದ್ದಿತು, ಮತ್ತೆ ಬಿತ್ತು, ನನ್ನ ತಲೆ ಅಲ್ಲಾಡುತ್ತಿದೆ, ಅವಳು ನೋಡುತ್ತಿದ್ದಾಳೆ, ನನ್ನ ಕಡೆ ತಿರುಗಿದ ಆ ಮುಖ, ಆ ಮುಖ —