ಇಪ್ಪತ್ತೈದನೇ ಪೋರ್ಟೂ ಒಂದು ಏಣಿಯೂ

ಮುಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕಿ ಹೊಲಿಯುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಬೈಂಡಿಂಗಮ್ಮ ಎಂದೇ ಕರೆಯುತ್ತಿದ್ದರು. ಅವಳ ಗಂಡ ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದ ಮನುಷ್ಯ. ಜನರನ್ನು ಮೇಲೆ ಕೆಳಗೆ ಸಾಗಿಸಿದ್ದು ಸಾಲದೆಂದು ಈಗ ಮೇಲ್ ಸಾಗಿಸಲು ಹೊರಟಿದ್ದ. ಚಪ್ಪಲಿ ಗೂಡಿನ ಮೇಲೆ ಒಂದು ಹಳೆಯ ಕಂಪ್ಯೂಟರ್ ಇಟ್ಟು ಅದನ್ನೇ ಸ್ವಂತ ಮೇಲ್ ಸರ್ವರ್ ಮಾಡಿಕೊಂಡಿದ್ದ. ಲೋಕವೆಲ್ಲ ದೊಡ್ಡ ಕಂಪನಿಗಳ ಪುಕ್ಕಟೆ ಮೇಲ್ ಬಳಸಿ ಸುಖವಾಗಿದ್ದರೂ ಇವನಿಗೆ ಮಾತ್ರ ತನ್ನ ಪತ್ರ ಇನ್ನೊಬ್ಬರ ಕೈಯಲ್ಲಿರುವುದು ಸುತಾರಾಂ ಒಗ್ಗದು. ಹೆಂಡತಿಗೊಂದು, ಮೂರು ಬೀದಿಯಾಚೆಯ ತಂಗಿಗೊಂದು, ಬೇಡವೇ ಬೇಡವೆಂದು ಗೋಗರೆದ ತಂಗಿಯ ಗಂಡನಿಗೂ ಒಂದು ವಿಳಾಸ ಅದರಲ್ಲೇ ಮಾಡಿಕೊಟ್ಟಿದ್ದ. ಅದರ ಬಿಸಿಗೆ ಚಪ್ಪಲಿಗಳು ಸದಾ ಬೆಚ್ಚಗಿರುತ್ತಿದ್ದವು. ಅದರಿಂದಾದ ಲಾಭ ಅದೊಂದೇ ಎಂದು ಬೈಂಡಿಂಗಮ್ಮನ ಅಭಿಪ್ರಾಯ.

ಭಾನುವಾರ ಗ್ರಂಥಾಲಯದ ಅಧಿಕಾರಿ ಹಳೆಯ ಪುಸ್ತಕಗಳ ಗಂಟು ಹಿಡಿದು ಬಂದಿದ್ದಾಗ ಮೂರು ಬೀದಿಯಾಚೆಯ ಆ ನಾದಿನಿಯೂ ಹೇಳದೆ ಕೇಳದೆ ವಕ್ಕರಿಸಿದ್ದಳು. ಅಧಿಕಾರಿ ಬೈಂಡಿಂಗಮ್ಮನ ಕೆಲಸವನ್ನು ಹೊಗಳುತ್ತಿದ್ದರೆ ನಾದಿನಿ ನಡುವೆ ಬಾಯಿ ಹಾಕಿದಳು.

"ನಮ್ಮತ್ತಿಗೆ ಎಂಥಾ ಪುಸ್ತಕದ ಬೆನ್ನಾದ್ರೂ ನೆಟ್ಟಗೆ ಮಾಡ್ತಾರೆ. ನಮ್ಮಣ್ಣನ ಬೆನ್ನೊಂದು ಬಿಟ್ಟು."

ಅಧಿಕಾರಿ ನಕ್ಕ. ಗೂನು ಬೆನ್ನಿನ ಅಣ್ಣನೂ ಹಲ್ಲು ಕಿರಿದ. ಬೈಂಡಿಂಗಮ್ಮನ ಮೈಯೆಲ್ಲ ಉರಿದುಹೋಯಿತು. ಸೋಮವಾರ ಬೆಳಿಗ್ಗೆ ಗೋಂದಿನ ಕೈ ಒರೆಸಿಕೊಂಡು ಕೂತವಳೇ ನಾದಿನಿಗೆ ಒಂದು ಮೇಲ್ ಬರೆದಳು. ಇಪ್ಪತ್ತೆರಡು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಅಂಕಿ ಹಾಕಿ ಇಳಿಸಿದಳು. ಫೋನು ಮಾಡದೆ ಬರುವುದು, ಚಪ್ಪಲಿ ಎಲ್ಲೆಂದರಲ್ಲಿ ಬಿಡುವುದು, ಗೋಂದಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವುದು, ನಾಲ್ಕು ವರ್ಷದ ಹಿಂದೆ ಒಯ್ದ ಏಣಿಯನ್ನು ವಾಪಸು ಕೊಡದಿರುವುದು. ಐದನೆಯದಾಗಿ, ಒಂದು ರಾತ್ರಿ ಉಳಿದರೂ ಅಕ್ಕಪಕ್ಕದ ಮೂರು ಮನೆ ಏಳುವಂತೆ ಗೊರಕೆ ಹೊಡೆಯುವುದು. ಆರನೆಯದು ಆ ಬೆನ್ನಿನ ಮಾತು. ಏಳನೆಯದು, ಇನ್ನು ಮೇಲೆ ನನ್ನ ಹೊಸ್ತಿಲು ತುಳಿಯಬೇಡ. ಕಳಿಸುವ ಗುಂಡಿಯನ್ನು ರಟ್ಟಿಗೆ ದಬ್ಬಣ ಚುಚ್ಚುವಷ್ಟು ಜೋರಾಗಿ ಒತ್ತಿದಳು.

ಕೋಪ ಮಂಗಳವಾರದವರೆಗೂ ಬಾಳಲಿಲ್ಲ. ಹೊಲಿಗೆಗೆ ಕೂತಾಗ, ಎರಡು ವರ್ಷದ ಹಿಂದೆ ತಾನು ಕೈ ಮುರಿದುಕೊಂಡಿದ್ದು ನೆನಪಾಯಿತು. ಆಗ ದಿನಾ ಬಂದು, ಮೂಗು ಮುಚ್ಚಿಕೊಂಡೇ, ನಲವತ್ತು ದಿನ ಇದೇ ಮಣೆಯ ಮೇಲೆ ಕೂತು ಹೊಲಿದುಕೊಟ್ಟವಳು ಇದೇ ನಾದಿನಿ. ಬಾಯಿ ಕೆಟ್ಟದ್ದು ನಿಜ. ಆದರೆ ಕರೆಯದೆ ಬರುವವರು ಎಂದು ಬೈಂಡಿಂಗಮ್ಮನಿಗೆ ಈ ಜಗತ್ತಿನಲ್ಲಿದ್ದದ್ದು ಅವಳೊಬ್ಬಳೇ. ಬುಧವಾರವೂ ಆ ಕಡೆಯಿಂದ ಸುದ್ದಿಯಿಲ್ಲ.

ಗುರುವಾರ ಗಂಡ ಚಪ್ಪಲಿ ಗೂಡಿನ ಮುಂದೆ ಕೂತು ತಲೆ ಕೆರೆದುಕೊಳ್ಳುತ್ತಿದ್ದ. ಹೊರಗಿನಿಂದ ಮೇಲ್ ಬರುತ್ತಿದೆ, ಇಲ್ಲಿಂದ ಒಂದೂ ಹೋಗುತ್ತಿಲ್ಲ. ಇಂಟರ್‌ನೆಟ್ ಕಂಪನಿಗೆ ಫೋನು ಮಾಡಿದರೆ ಅಲ್ಲಿನ ಹುಡುಗಿ ಸಕ್ಕರೆಯಂಥ ದನಿಯಲ್ಲಿ, ಸ್ಪ್ಯಾಮ್ ಕಳಿಸುವವರ ಕಾಟಕ್ಕೆ ಭಾನುವಾರದಿಂದ ಮನೆಗಳಿಂದ ಮೇಲ್ ಹೊರಹೋಗುವ ಬಾಗಿಲಾದ ಇಪ್ಪತ್ತೈದನೇ ಪೋರ್ಟ್ ಮುಚ್ಚಿದ್ದೇವೆ, ಮೇಲ್ ಸೇವೆ ಕೊಡುವ ಬೇರೆ ಯಾರಲ್ಲಾದರೂ ಖಾತೆ ತೆರೆದು, ಐನೂರ ಎಂಬತ್ತೇಳನೇ ಪೋರ್ಟಿನಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಅವರ ಮೂಲಕ ಕಳಿಸಿ ಎಂದಳು.

"ನನ್ನ ಮನೆ ಪತ್ರ ಹಾಕೋಕೆ ನಾನು ಕಂಡವರ ಬಾಗಿಲಲ್ಲಿ ಗುರುತು ಹೇಳ್ಬೇಕಾ?" ಎಂದು ಗಂಡ ಫೋನು ಇಟ್ಟ ಮೇಲೆ ಕೂಗಾಡಿದ. ಇಟ್ಟ ಮೇಲೇ ಕೂಗಾಡುವುದು ಅವನ ಪದ್ಧತಿ.

ಬೈಂಡಿಂಗಮ್ಮನಿಗೆ ಮಾತ್ರ ಹೋದ ಜೀವ ಬಂದಂತಾಯಿತು. ನಾಲ್ಕು ದಿನದಿಂದ ಒಂದೂ ಹೋಗಿಲ್ಲವೆಂದರೆ ತನ್ನದೂ ಹೋಗಿಲ್ಲ. ಆ ಕಂಪನಿಯವರ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಹರಸಿದಳು. ಆದರೆ ಗಂಡ ಬಿಡುವ ಆಸಾಮಿಯಲ್ಲ. ಗೊಣಗುತ್ತಲೇ ಎಲ್ಲೋ ಖಾತೆ ತೆರೆದು, ಸಂಜೆಯೊಳಗೆ ಹೋಗದೆ ಸಾಲಿನಲ್ಲಿ ಕಾದಿರುವ ನಲವತ್ತೊಂದನ್ನೂ ಒಟ್ಟಿಗೆ ನುಗ್ಗಿಸುತ್ತೇನೆ ಎಂದ. ಅಷ್ಟರೊಳಗೆ ಆ ಒಂದನ್ನು ಹೇಗಾದರೂ ತೆಗೆಸಬೇಕಿತ್ತು.

ಆಗಲೇ ನಾದಿನಿಯ ಫೋನು ಬಂತು. ನಾಲ್ಕು ಗಂಟೆಗೆ ಬರಲೇ ಎಂದು ಕೇಳಿದಳು. ನಾಲ್ಕಕ್ಕೆ ಸರಿಯಾಗಿ ಬಂದಳು, ಹೆಗಲ ಮೇಲೆ ಏಣಿ ಹೊತ್ತುಕೊಂಡು. ಚಪ್ಪಲಿ ಬಿಟ್ಟು, ಬಗ್ಗಿ ಅವೆರಡನ್ನೂ ಜೋಡಿಸಿಟ್ಟಳು. ಗೋಂದಿನ ಬಕೆಟ್ಟಿನ ಪಕ್ಕದಲ್ಲೇ ಕೂತು ಸೊಗಸಾಗಿ ಉಸಿರೆಳೆದುಕೊಂಡಳು. ಇಂಥ ಬಂಗಾರದಂಥವಳಿಗೆ ಎಂಥ ಮಾತು ಬರೆದೆನಲ್ಲ ಎಂದು ಬೈಂಡಿಂಗಮ್ಮನಿಗೆ ನಾಚಿಕೆಯಾಯಿತು. ಟೀ ಲೋಟ ಅವಳ ಕೈಗೆ ಕೊಟ್ಟು ಗಂಡನ ಬಳಿ ಓಡಿದಳು.

"ರೀ, ಒಂದು ಮೇಲ್ ತೆಗೆದುಹಾಕ್ಬೇಕು. ಯಾಕೆ ಅಂತ ಕೇಳ್ಬೇಡಿ."

"ಯಾರಿಗೆ ಬರೆದದ್ದು?"

"ಮೊದಲು ಯಾರ್ಯಾರಿಗಿದೆ ಓದಿ. ಮೆಲ್ಲಗೆ."

ಗಂಡ ಓದಿದ. ಕಾಗದದ ಅಂಗಡಿ, ಗ್ರಂಥಾಲಯ, ವಿದ್ಯುತ್ ಕಚೇರಿಗೆ ಅವನದೇ ಒಂಬತ್ತು ದೂರು, ಲಿಫ್ಟಿನ ಕಾಲದ ಗೆಳೆಯರಿಗೆ ಕಳಿಸಿದ ಹಳಸಲು ಜೋಕುಗಳು. ನಲವತ್ತೊಂದೂ ಮುಗಿದವು. ಬೈಂಡಿಂಗಮ್ಮ ಮತ್ತೊಮ್ಮೆ ಓದಿಸಿದಳು. ಕೊನೆಗೆ ಬೇರೆ ದಾರಿ ಕಾಣದೆ ಅವನ ಕಿವಿಯಲ್ಲಿ ತಂಗಿಯ ಹೆಸರು ಹೇಳಿದಳು.

"ಅದು ಇಲ್ಲಿ ಯಾಕಿರುತ್ತೆ?" ಎಂದ ಗಂಡ. "ಅವಳ ವಿಳಾಸಾನೂ ಇದೇ ಪೆಟ್ಟಿಗೇಲಿ ಅಲ್ವಾ? ಮನೆಯೊಳಗಿಂದ ಮನೆಯೊಳಗೇ. ಹೊರಗಿನ ಬಾಗಿಲು ಮುಚ್ಚಿದ್ರೆ ಅದಕ್ಕೇನು? ನೀನು ಒತ್ತಿದ ಕ್ಷಣಾನೇ ತಲುಪಿರುತ್ತೆ."

ಫೋನು, ಏಣಿ, ಚಪ್ಪಲಿ, ಗೋಂದು ಎಲ್ಲ ಒಟ್ಟಿಗೇ ಬೈಂಡಿಂಗಮ್ಮನ ತಲೆಗೆ ಹೊಳೆದವು. ನಾದಿನಿ ಅಷ್ಟನ್ನೂ ಓದಿ, ಏಳನೆಯದನ್ನೂ ಓದಿ, ಆಮೇಲೆ ಬಂದಿದ್ದಳು. ಮೆಲ್ಲಗೆ ಮುಂದಿನ ಕೋಣೆಗೆ ಹೋದಳು.

ನಾದಿನಿ ಲೋಟ ಕೆಳಗಿಟ್ಟಳು. ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ಎಂದಿನದೇ.

"ಬೆನ್ನಿನ ಮಾತು ತಪ್ಪಾಯ್ತು. ಮಿಕ್ಕಿದ್ದೂ ಒಪ್ಕೊಂಡೆ ಅತ್ತಿಗೆ. ಐದನೇದು ಮಾತ್ರ ಅಪ್ಪಟ ಸುಳ್ಳು. ನಾನು ಗೊರಕೆ ಹೊಡೆಯಲ್ಲ."

ಬೈಂಡಿಂಗಮ್ಮ ಏಣಿಯನ್ನು ನೋಡಿದಳು, ನಾದಿನಿಯನ್ನು ನೋಡಿದಳು. ಕ್ಷಮಿಸು ಎನ್ನಬೇಕೆಂದೇ ಬಾಯಿ ತೆರೆದಳು.

"ಹಾಗಾದ್ರೆ ಇವತ್ತು ರಾತ್ರಿ ಇಲ್ಲೇ ಉಳ್ಕೋ," ಎಂದಳು. "ನೋಡೇಬಿಡೋಣ."