ಮೇಜುಬಟ್ಟೆಯ ನಿಲುವಂಗಿ

ಬಾಡಿಗೆ ಅಂಗಡಿಯಲ್ಲಿ ನಡೆದದ್ದನ್ನು ತನ್ಮಯಿ ಮನೆಯಲ್ಲಿ ಬಾಯಿ ಬಿಡಲಿಲ್ಲ. ಅವಳ ತಾಯಿ ವತ್ಸಲಾಗೆ ಅದು ತಿಳಿದದ್ದು, ಮಗಳ ಗೆಳತಿ ಶು ಮಿನ್ ಸಂಜೆ ಫೋನು ಮಾಡಿ, ಅವಳು ಅಳುತ್ತಿಲ್ಲ ತಾನೆ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ವಿಚಾರಿಸಿದಾಗ.

ತನ್ಮಯಿಯ ಜೂನಿಯರ್ ಕಾಲೇಜಿನಲ್ಲಿ ಆ ವರ್ಷ, ಅಂದರೆ ತೊಂಬತ್ತಾರರಲ್ಲಿ, ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ರೆನೇಸಾನ್ಸ್ ಫೇರ್ ಮಾಡಲು ಹೊರಟಿದ್ದರು. ನಾಲ್ಕು ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಸಂತೆಯ ಹಾಗೆ ಮೈದಾನದಲ್ಲಿ ಮಳಿಗೆ, ಹಾಡು, ಕುಣಿತ. ಎಲ್ಲರೂ ಆ ಕಾಲದ ಉಡುಪಿನಲ್ಲೇ ಬರಬೇಕು. ತನ್ಮಯಿ, ಶು ಮಿನ್ ಇಬ್ಬರೂ ಎಂಟು ಹುಡುಗಿಯರ ಕುಣಿತದ ತಂಡದಲ್ಲಿದ್ದರು. ಶನಿವಾರ ತಂಡವೆಲ್ಲ ಒಟ್ಟಾಗಿ ಉಡುಪು ಬಾಡಿಗೆಗೆ ಕೊಡುವ ಅಂಗಡಿಗೆ ಹೋಗಿತ್ತು. ಅಲ್ಲಿದ್ದ ಅತಿ ದೊಡ್ಡ ಗೌನಿನ ಜಿಪ್ಪು ತನ್ಮಯಿಯ ಬೆನ್ನಿನ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಇಬ್ಬರು ಹಿಡಿದು ಎಳೆದರೂ ಜಗ್ಗಲಿಲ್ಲ. "ಬಿಗ್ಗೆಸ್ಟ್ ಆಲ್ರೆಡಿ ಲಾ!" ಇದಕ್ಕಿಂತ ದೊಡ್ಡದಿಲ್ಲವೆಂದು, ಅಲ್ಲಿಯವರ ಇಂಗ್ಲಿಷಿನಲ್ಲಿ, ಅಂಗಡಿಯಾಕೆ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದಳಂತೆ.

ವತ್ಸಲಾ ಫೋನಿಟ್ಟು ಮಗಳ ಕೋಣೆಗೆ ಹೋದಳು. ತನ್ಮಯಿ ಪುಸ್ತಕ ತೆರೆದು ಕೂತಿದ್ದಳು, ಓದುತ್ತಿರಲಿಲ್ಲ.

"ಡ್ಯಾನ್ಸಿಂದ ನನ್ನ ಹೆಸರು ತೆಗೆಸ್ತೀನಿ ಅಮ್ಮ. ಕೂಪನ್ ಕೌಂಟರಲ್ಲಿ ಕೂತ್ಕೋತೀನಿ. ಅಲ್ಲಿ ಟೀ ಶರ್ಟ್ ಹಾಕಿದ್ರೆ ನಡಿಯುತ್ತೆ."

"ಅದೆಲ್ಲ ಏನೂ ಬೇಡ. ನಾನೇ ಹೊಲಿದು ಕೊಡ್ತೀನಿ."

"ನಿಂಗೆ ಆ ಥರದ್ದು ಬರುತ್ತಾ?"

"ಮೈಸೂರಲ್ಲಿ ಎರಡು ವರ್ಷ ಹೊಲಿಗೆ ಕ್ಲಾಸಿಗೆ ಹೋಗಿದೀನಿ. ಚಿತ್ರ ತೋರಿಸು, ಬರುತ್ತೋ ಇಲ್ವೋ ನೋಡೋಣ."

ಹಾಗೆ ಅಂದುಬಿಟ್ಟಳೇ ಹೊರತು, ಲೈಬ್ರರಿಯಿಂದ ತಂದ ಪುಸ್ತಕದ ಚಿತ್ರಗಳಲ್ಲಿದ್ದಂಥದ್ದನ್ನು ಅವಳು ಎಂದೂ ಹೊಲಿದಿರಲಿಲ್ಲ. ಮೈಗೆ ಅಂಟಿದಂಥ ಗಟ್ಟಿ ರವಿಕೆ, ಅದಕ್ಕೆ ಕೂಡಿಸಿದ ನೆಲಮುಟ್ಟುವ ಲಂಗ, ಬೇರೆಯಾಗಿ ಕಟ್ಟುವ ತೋಳು. ಬಟ್ಟೆಯೇ ಎಂಟು ಹತ್ತು ಮೀಟರು ಬೇಕು. ಮಖಮಲ್ಲಿನ ಬೆಲೆ ಕೇಳಿ ಎರಡು ಅಂಗಡಿಯಿಂದ ಸುಮ್ಮನೆ ಹೊರಬಂದಳು. ಮೂರನೆಯದು, ಉಳಿಕೆ ಬಟ್ಟೆ ತೂಗಿ ಮಾರುವ ಅಂಗಡಿ. ಅಲ್ಲಿ ಮೂಲೆಯಲ್ಲಿ ಯಾವುದೋ ಹೋಟೆಲಿನವರು ಹಾಕಿಹೋದ ಹಳೆಯ ಮೇಜುಬಟ್ಟೆಗಳ ರಾಶಿಯಿತ್ತು. ಕಡು ಕೆಂಪು, ದಪ್ಪ ನೇಯ್ಗೆ, ಬೆಳಕಿಗೆ ಹಿಡಿದರೆ ಬಳ್ಳಿಯ ಕಸೂತಿಯಂಥ ಮಿರುಗು. ಅಲ್ಲಲ್ಲಿ ಸಾರಿನ ಕಲೆ. ಕಲೆಯಿರುವ ಕಡೆ ಕತ್ತರಿಸಿ ಎಸೆದರಾಯಿತೆಂದು ನಾಲ್ಕು ಬಟ್ಟೆ ಆರಿಸಿಕೊಂಡಳು. ನಾಲ್ಕಕ್ಕೂ ಸೇರಿ ಒಂದು ಗೌನಿನ ಬಾಡಿಗೆಯ ಅರ್ಧವೂ ಆಗಲಿಲ್ಲ.

ರವಿಕೆ ಗಟ್ಟಿಯಾಗಿ ನಿಲ್ಲಲು ಒಳಗೆ ಕಡ್ಡಿ ಹಾಕಬೇಕೆಂದು ಪುಸ್ತಕದಲ್ಲಿತ್ತು. ಆ ಕಾಲದಲ್ಲಿ ತಿಮಿಂಗಿಲದ ಬಾಯಿಯಿಂದ ತೆಗೆಯುತ್ತಿದ್ದರಂತೆ. ಅದನ್ನು ಕೇಳಿ ಅವಳ ಗಂಡ ನರಸಿಂಹ ನಕ್ಕ. ಅವನಿಗೆ ಪಾಸಿರ್ ಪಂಜಾಂಗ್ ಬಂದರಿನ ಹಡಗು ಕಂಪನಿಯೊಂದರಲ್ಲಿ ಕೆಲಸ.

"ತಿಮಿಂಗಿಲ ಸಿಗಲ್ಲ. ಪೆಟ್ಟಿಗೆಗಳಿಗೆ ಬಿಗಿಯೋ ಪ್ಲಾಸ್ಟಿಕ್ ಪಟ್ಟಿ ಇರುತ್ತಲ್ಲ, ನಮ್ಮಲ್ಲಿ ಕತ್ತರಿಸಿ ಕಸಕ್ಕೆ ಹಾಕ್ತಾರೆ. ಅದು ನಡಿಯುತ್ತಾ?"

ಮರುದಿನ ಅವನು ಆಫೀಸಿನ ಚೀಲದಲ್ಲಿ ಸುರುಳಿ ಸುತ್ತಿ ತಂದ. ಬಾಗಿಸಿದರೆ ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಹೇಳಿ ಮಾಡಿಸಿದ ಹಾಗಿತ್ತು. ತುದಿ ಚುಚ್ಚದಂತೆ ವತ್ಸಲಾ ಒಂದೊಂದನ್ನೂ ಮೇಣದ ಬತ್ತಿಗೆ ಹಿಡಿದು ದುಂಡಗೆ ಮಾಡಿದಳು.

ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆಯ ಹಾಸಿಗೆ ಹೊದಿಕೆಯಲ್ಲಿ ಒಂದು ಮಾದರಿ ಹೊಲಿದಳು. ಮಗಳನ್ನು ಕರೆದು ತೊಡಿಸಿದಳು. ತನ್ಮಯಿ ಬೀರುವಿನ ಕನ್ನಡಿಯ ಮುಂದೆ ನಿಂತಳು. ರವಿಕೆಯನ್ನು ಎರಡೂ ಪಕ್ಕದಲ್ಲಿ ಹಿಡಿದು ಎಳೆದಳು. ಒಂದೊಂದು ಕೈಯಲ್ಲೂ ಹಿಡಿ ತುಂಬ ಬಟ್ಟೆ ಬಂತು.

"ಇದೇನಮ್ಮ, ಫ್ರಿಜ್ ಕವರ್ ಹೊಲಿದ ಹಾಗೆ ಹೊಲಿದಿದೀಯ."

"ಸ್ವಲ್ಪ ಸಡಿಲ ಇರ್ಲಿ ಅಂತ. ಬಿಗಿ ಆದ್ರೆ ಮೈಯೆಲ್ಲ ಎದ್ದು ಕಾಣುತ್ತೆ."

"ಕಾಣ್ಲಿ. ಚಿತ್ರದಲ್ಲಿ ಎಲ್ಲರದ್ದೂ ಕಾಣುತ್ತಲ್ವಾ?" ತನ್ಮಯಿ ಕನ್ನಡಿಯಿಂದ ತಾಯಿಯ ಕಡೆ ತಿರುಗಿದಳು. "ಅಂಗಡಿಯವಳು ಜೋರಾಗಿ ಹೇಳ್ತಾಳೆ. ನೀನು ಹೊಲಿದು ಹೇಳ್ತೀಯ. ನನ್ನ ಎಲ್ಲಾ ಬಟ್ಟೆನೂ ಹಿಂಗೇ ತಾನೆ?"

ಅವಳು ಮಾದರಿಯನ್ನು ಕಳಚಿ ಕುರ್ಚಿಯ ಮೇಲೆ ಹಾಕಿ ಹೊರಟುಹೋದಳು. ವತ್ಸಲಾಗೆ ಮೊದಲು ಸಿಟ್ಟು ಬಂತು. ಮಧ್ಯಾಹ್ನವಿಡೀ ಕೂತು ಹೊಲಿದವಳು ತಾನು. ಆಮೇಲೆ ಮಗಳ ಬೀರು ತೆರೆದು ತಾನು ಹೊಲಿದ ಚೂಡಿದಾರಗಳನ್ನು ಒಂದೊಂದಾಗಿ ಮಂಚದ ಮೇಲೆ ಹರಡಿದಳು. ಹನ್ನೊಂದು ಇದ್ದವು. ಎಲ್ಲವೂ ಗೋಣಿಚೀಲದ ಹಾಗೆ ನೆಟ್ಟಗೆ ಇಳಿದಿದ್ದವು. ಮೂರು ವರ್ಷದಿಂದ ತಾನು ಮಗಳ ಮೈಗೆ ಟೇಪು ಹಿಡಿದೇ ಇಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ಹಳೆಯದನ್ನಿಟ್ಟು, ಸುತ್ತ ಎರಡಿಂಚು ಸೇರಿಸಿ ಕತ್ತರಿಸುತ್ತ ಬಂದಿದ್ದಳು. ಅಳತೆ ತೆಗೆದರೆ ಅಂಕಿ ಹೇಳಬೇಕಾಗುತ್ತದೆ, ಹುಡುಗಿ ನೊಂದುಕೊಳ್ಳುತ್ತಾಳೆ ಎಂದುಕೊಂಡಿದ್ದಳು. ಅಂಕಿಗೆ ಹೆದರಿದ್ದವಳು ತಾನೇ.

ಮರುದಿನ ಟೇಪು ಹಿಡಿದು ಮಗಳ ಮುಂದೆ ನಿಂತಳು. ತನ್ಮಯಿ ಕೈಕಟ್ಟಿಕೊಂಡು ಗೋಡೆಗೆ ಒರಗಿದಳು.

"ಬೇಡಮ್ಮ. ನಂಗಿಷ್ಟ ಇಲ್ಲ."

"ಸರಿ, ಮೊದಲು ನೀನು ನಂದು ತೆಗಿ."

"ನಿಂದು ಯಾಕೆ?"

"ಸುಮ್ನೆ. ನೋಡೋಣ ತೆಗಿ."

ತನ್ಮಯಿ ತಾಯಿಯ ಸೊಂಟಕ್ಕೆ ಟೇಪು ಸುತ್ತಿದಳು. ವತ್ಸಲಾ ಉಸಿರು ಒಳಗೆಳೆದಳು. "ಚೀಟಿಂಗ್ ಮಾಡ್ಬೇಡ ಲಾ!" ಎಂದು ಮಗಳು ನಕ್ಕಾಗ ಉಸಿರು ಬಿಟ್ಟಳು. ಮೂವತ್ತೆಂಟೂವರೆ. ಮದುವೆಯಾದಾಗಿನಿಂದ ಮೂವತ್ತೆರಡು ಎಂದು ಹೇಳಿಕೊಂಡು ಬಂದವಳು ವತ್ಸಲಾ. ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದ ನರಸಿಂಹನಿಗೆ ಅಮ್ಮ ಮಗಳು ಏಕೆ ಅಷ್ಟು ನಗುತ್ತಿದ್ದಾರೆಂದು ತಿಳಿಯಲಿಲ್ಲ. ಆಮೇಲೆ ತನ್ಮಯಿ ತಾನಾಗಿ ಕೈ ಎತ್ತಿ ನಿಂತಳು. ಎದೆ, ಎದೆಯ ಕೆಳಗೆ, ಸೊಂಟ, ಭುಜದಿಂದ ಸೊಂಟ, ಬೆನ್ನಗಲ. ವತ್ಸಲಾ ಪ್ರತಿ ಅಂಕಿಯನ್ನೂ ಬಾಯಿಬಿಟ್ಟು ಹೇಳಿದಳು; ತನ್ಮಯಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡಳು.

ಎರಡನೆಯ ಮಾದರಿ ಮೈಗೆ ಕೂತಿತು. ಆದರೆ ತನ್ಮಯಿ ಕುಣಿತಕ್ಕೆಂದು ಕೈ ಎತ್ತಿದ ಕೂಡಲೇ ಇಡೀ ರವಿಕೆ ಮೇಲೆ ಬಂದು ಕತ್ತಿಗೆ ಒತ್ತಿತು. ವತ್ಸಲಾ ಕಂಕುಳನ್ನು ಬಿಚ್ಚಿ ಇನ್ನಷ್ಟು ದೊಡ್ಡದು ಮಾಡಿದಳು. ಇನ್ನೂ ಕೆಟ್ಟಿತು. ಕೊನೆಗೆ ಎದುರು ಮನೆಯ ರೊಕಿಯಾಳನ್ನು ಕರೆದಳು. ರೊಕಿಯಾ ಅರವತ್ತು ದಾಟಿದ ಮಲಯ ಹೆಂಗಸು. ಬೂನ್ ಲೇ ಬಡಾವಣೆಯಲ್ಲಿ ಅವರಿದ್ದ ಬ್ಲಾಕಿನ ಅರ್ಧ ಮನೆಗಳಿಗೆ ಹಬ್ಬದ ಉಡುಪು ಹೊಲಿದುಕೊಟ್ಟವಳು. ವತ್ಸಲಾ ಅವಳನ್ನು ಮಲಯದಲ್ಲಿ ಅಕ್ಕ ಎನ್ನುವಂತೆ 'ಕಕ್' ಎಂದೇ ಕರೆಯುತ್ತಿದ್ದಳು. ರೊಕಿಯಾ ಕನ್ನಡಕ ಏರಿಸಿ ಹುಡುಗಿಯ ಸುತ್ತ ಒಂದು ಸುತ್ತು ಬಂದಳು.

"ತೂತು ದೊಡ್ಡದಾದಷ್ಟೂ ಬಟ್ಟೆ ತೋಳಿನ ಜೊತೆ ಮೇಲೇಳುತ್ತೆ," ಎಂದಳು ತನ್ನ ಮುರುಕು ಇಂಗ್ಲಿಷಿನಲ್ಲಿ. "ಚಿಕ್ಕದು ಮಾಡು. ಕಂಕುಳಿಗೆ ತಾಗೋ ಹಾಗೆ ಮೇಲಕ್ಕೆ ತಾ. ತೋಳಿನ ಕೆಳಗೆ ಒಂದು ಚೌಕ ತುಂಡು ಸೇರಿಸು. ಆಗ ತೋಳು ಮಾತ್ರ ಏಳುತ್ತೆ."

ವತ್ಸಲಾಗೆ ಅದು ಉಲ್ಟಾ ಅನ್ನಿಸಿತು. ಆದರೂ ಹಾಗೇ ಮಾಡಿದಳು. ತನ್ಮಯಿ ಎರಡೂ ಕೈಯನ್ನು ತಲೆಯ ಮೇಲೆತ್ತಿ ತಿರುಗಿದಳು. ರವಿಕೆ ಇದ್ದಲ್ಲೇ ಇತ್ತು.

ಆ ಹೊತ್ತಿಗೆ ಶು ಮಿನ್ ಕೂಡ ಬಾಡಿಗೆಯ ಗೌನಿನ ಕವರು ಹಿಡಿದುಕೊಂಡು ಮನೆಗೆ ಬಂದಳು. ಅವಳು ಕಡ್ಡಿಯಂಥ ಹುಡುಗಿ. ಗೌನು ಭುಜದಿಂದ ಜಾರಿ ಬೀಳುತ್ತಿತ್ತು, ಬಾಡಿಗೆಯದಾದ್ದರಿಂದ ಕತ್ತರಿಸುವಂತಿಲ್ಲ. ತನ್ಮಯಿ ಗೆಳತಿಯನ್ನು ಕನ್ನಡಿಯಲ್ಲಿ ನೋಡಿದಳು. "ನಿನಗೂ ಆಗ್ತಿಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತನಗೊಬ್ಬಳಿಗೇ ಹಾಗೆಂದು ಅವಳು ಅಲ್ಲಿಯವರೆಗೂ ನಂಬಿದ್ದಳು. ವತ್ಸಲಾ ಭುಜದ ಒಳಗೆ ದೊಡ್ಡ ದೊಡ್ಡ ಕೈಹೊಲಿಗೆ ಹಾಕಿ, ಬೇಕೆಂದಾಗ ಬಿಚ್ಚುವ ಹಾಗೆ ಹಿಡಿದುಕೊಟ್ಟಳು. ತನ್ಮಯಿ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಕೆಂಪು ಬಟ್ಟೆಗೆ ಕತ್ತರಿ ಬಿದ್ದದ್ದು ಆಮೇಲೆ. ಜಿಪ್ಪಿಲ್ಲ, ಎದೆಯ ಮುಂದೆ ಎರಡು ಸಾಲು ಕಾಜಾ, ಅದರೊಳಗೆ ಶೂ ಲೇಸು ಪೋಣಿಸಿ ಬಿಗಿಯುವುದು. ಕಲೆ ಬಿಟ್ಟು ಕತ್ತರಿಸಿದ್ದಕ್ಕೆ ಲಂಗಕ್ಕೆ ಹಿಂದೆ ಒಂದು ಗಜ ಕಮ್ಮಿ ಬಿತ್ತು. ವತ್ಸಲಾ ತನ್ನ ಹಳೆಯ ಕಪ್ಪು ಸೀರೆಯನ್ನೇ ನಡುವೆ ಇಟ್ಟು ಹೊಲಿದಳು.

ಫೇರಿನ ದಿನ ಹನ್ನೊಂದಕ್ಕೇ ಮಳೆ ಹೊಯ್ದು ಮೈದಾನದ ಮಳಿಗೆಗಳೆಲ್ಲ ತೊಪ್ಪೆಯಾದವು. ಸಂತೆಯನ್ನು ಕ್ಯಾಂಟೀನಿಗೆ ಎತ್ತಿ ಹಾಕಿದರು. ನೂಡಲ್ಸಿನ ಸ್ಟಾಲುಗಳ ನಡುವೆ ಎಂಟು ಹುಡುಗಿಯರು ಕುಣಿದರು. ಸೆಖೆಗೆ ಎಲ್ಲರ ಮುಖ ಕೆಂಪಾಗಿತ್ತು. ಇಬ್ಬರು ಸುತ್ತು ಸುತ್ತಿಗೂ ಗೌನು ಮೇಲೆಳೆದುಕೊಳ್ಳುತ್ತಿದ್ದರು. ತನ್ಮಯಿ ಹೆಜ್ಜೆ ತಪ್ಪಿದ್ದು ಎರಡು ಸಲ. ತಪ್ಪಿದಾಗ ನಕ್ಕು ಮತ್ತೆ ಸೇರಿಕೊಂಡಳು. ವತ್ಸಲಾ ಕಂಬಕ್ಕೊರಗಿ ನಿಂತು ಮಗಳ ಅಗಲ ಭುಜವನ್ನು, ತುಂಬಿದ ಸೊಂಟವನ್ನು ನೋಡಿದಳು. ಹುಡುಗಿ ಲಕ್ಷಣವಾಗಿದ್ದಳು. ಇದನ್ನು ಯಾರಿಂದ ಮುಚ್ಚಿಡಲು ಹೊರಟಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು. ಒಳ್ಳೆಯ ಉಡುಪಿಗೆಂದಿದ್ದ ಬಹುಮಾನ, ನಿಜವಾದ ಮಖಮಲ್ಲು ತೊಟ್ಟಿದ್ದ ಬೇರೆ ಯಾರಿಗೋ ಹೋಯಿತು.

ಸಂಜೆ ಬಸ್ ಸ್ಟಾಪಿನಲ್ಲಿ ತನ್ಮಯಿ ಬಟ್ಟೆ ಬದಲಿಸದೆಯೇ ನಿಂತಿದ್ದಳು. ವತ್ಸಲಾ ರಸ್ತೆಯ ಕಡೆ ನೋಡುತ್ತ ಹೇಳಿದಳು: "ಯಾರೂ ನಿನ್ನ ಏನೂ ಅನ್ನಬಾರದು ಅಂತ ಹಂಗೆ ಹೊಲೀತಿದ್ದೆ ಕಣೆ. ತಪ್ಪಾಯ್ತು."

ತನ್ಮಯಿ ತಾಯಿಯ ತೋಳಿಗೆ ತೋಳು ತಾಗಿಸಿದಳು. "ಕಾಜಾ ಹೊಲಿಯೋದು ಹೇಳ್ಕೊಡು. ಮುಂದಿನ ವರ್ಷ ಶು ಮಿನ್‌ಗೂ ನಾವೇ ಮಾಡೋಣ. ಬಾಡಿಗೆ ಎಲ್ಲಾ ವೇಸ್ಟು."

ಬಸ್ಸು ಬಂತು. ಲಂಗದ ಹರವು ಬಾಗಿಲಿಗಿಂತ ದೊಡ್ಡದಾಗಿತ್ತು. ಡ್ರೈವರು ಬಾಯಿ ತೆರೆದು ನೋಡಿದ. ಹಿಂದಿದ್ದ ಚೀನೀ ಅಜ್ಜಿಯೊಬ್ಬಳು ನಿಧಾನ, ನಿಧಾನ ಎನ್ನುತ್ತ ಒಂದು ಅಂಚನ್ನು ಹಿಡಿದುಕೊಂಡಳು. ವತ್ಸಲಾ ಇನ್ನೊಂದು ಅಂಚನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಗಳ ಹಿಂದೆ ಬಸ್ಸು ಹತ್ತಿದಳು.